ಅಮ್ಮನಿಗೆ ಹೇಳದ ನಲವತ್ತು ಮೀಟರು

ಟವರ್ ಹತ್ತುವವನಿಗೆ ಗಾಳಿ, ಗುಡುಗು, ಜೇನುಹುಳ ಇವುಗಳ ಕಾಟ ಅಂತ ಎಲ್ಲರೂ ತಿಳಿದಿರುತ್ತಾರೆ. ಕೆಳಗೆ ನಿಂತ ಜನರ ಕಾಟ ಯಾರಿಗೂ ಗೊತ್ತಿಲ್ಲ. ಮೊಬೈಲು ಊರಿಗೆ ಹೊಸತಾಗಿ ಬಂದ ಕಾಲದಿಂದ ಹತ್ತು ಹನ್ನೆರಡು ವರ್ಷ ಬ್ರಹ್ಮಾವರದಿಂದ ಬೈಂದೂರಿನವರೆಗೆ ಟವರ್ ಹತ್ತಿ ಇಳಿದವನು ನಾನು. ಇಂಥದ್ದೊಂದು ನಡೆಯದ ವಾರ ಇರಲಿಲ್ಲ.

ನನಗೆ ಇನ್ನೊಂದು ಪೇಚೂ ಇತ್ತು. ನಾನು ಟವರ್ ಹತ್ತುವುದು ಅಮ್ಮನಿಗೆ ಗೊತ್ತಿರಲಿಲ್ಲ. ಅಪ್ಪಯ್ಯ ಮಾಡಿನ ಹಂಚು ಸರಿ ಮಾಡಲು ಹೋಗಿ ಬಿದ್ದು, ಸೊಂಟ ಮುರಿದುಕೊಂಡು ಮೂರು ವರ್ಷ ಮಲಗಿದಲ್ಲೇ ಇದ್ದವರು. ಅವರು ಹೋದ ಮೇಲೆ ಅಮ್ಮ ನನ್ನ ಕೈ ಹಿಡಿದು, "ಎತ್ರಕ್ಕೆ ಹತ್ತುವ ಕೆಲ್ಸ ಒಂದ್ ಮಾಡ್ಬ್ಯಾಡ ಮಗ, ನನ್ನ ಆಣೆ" ಅಂದಿದ್ದಳು. ನಾನೋ, ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ದಾಟಿದವನು. ಸಿಕ್ಕಿದ್ದು ಇದೊಂದೇ ಕೆಲಸ. ಟವರಿನ ಬುಡದಲ್ಲಿರುವ ಏಸಿ ರೂಮಿನಲ್ಲಿ ಕೂತು ಮಿಷನ್ನು ನೋಡಿಕೊಳ್ಳುವುದು ಅಂತ ಹೇಳಿಬಿಟ್ಟೆ. ಅವಳಿಗೆ ಗೊತ್ತಾದರೆ ಒಂದೋ ನಾನು ಕೆಲಸ ಬಿಡಬೇಕು, ಇಲ್ಲವೇ ಅವಳು ನಿದ್ದೆ ಬಿಡಬೇಕು. ಎರಡೂ ನನಗೆ ಬೇಡದ್ದೇ.

ಹೆಮ್ಮಾಡಿಯ ದನ

ಹೆಮ್ಮಾಡಿಯಲ್ಲಿ ಒಮ್ಮೆ ನಲವತ್ತು ಮೀಟರಿನ ಟವರಿನ ತುದಿ ಮುಟ್ಟಿ ಬೆಲ್ಟು ಸಿಕ್ಕಿಸಿದ್ದೆನಷ್ಟೆ. ಕೆಳಗಿನಿಂದ ಒಬ್ಬಳು ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಕೂಗಿದಳು.

"ಹ್ವಾಯ್, ಅಲ್ಲಿಂದ ನಮ್ಮ್ ಕಪ್ಪು ದನ ಕಾಣತ್ತಾ ಕಾಣಿ."

ನೋಡಿದೆ. ಕಪ್ಪು ದನವೊಂದು ಯಾರದೋ ನೆಲಗಡಲೆ ಗದ್ದೆಯಲ್ಲಿ ಹಾಯಾಗಿ ಮೇಯುತ್ತಿತ್ತು. ಆ ದಿಕ್ಕಿಗೆ ಕೈ ತೋರಿಸಿದೆ. ಅದೇ ನಾನು ಮಾಡಿದ ತಪ್ಪು. ಆಮೇಲೆ ನಮ್ಮ ಜೀಪು ಬಂತೆಂದರೆ ಸಾಕು, ಅಜ್ಜಿ ಬೇಲಿಯ ಹತ್ತಿರ ಹಾಜರು.

ಒಂದು ದಿನ ಬರೀ ಬ್ಯಾಟರಿ ಕೆಲಸವಿತ್ತು. "ಅಜ್ಜಿ, ಇವತ್ತು ಮೇಲೆ ಹೋಪುಕಿಲ್ಲ" ಅಂದೆ.

"ಅಕ್ಕ್, ಅಡ್ಡಿಲ್ಲೆ. ನಿಮ್ಮ ಮನೆ ತಲ್ಲೂರ್ ಅಂಬ್ರಲೆ? ನನ್ನ ಮಗಳನ್ನ ಕೊಟ್ಟದ್ದೂ ಅಲ್ಲೇ. ಬಪ್ಪ ವಾರ ಹೋಯಿ, ನಿಮ್ಮ ಅಮ್ಮನ ಹತ್ರ ಹೇಳ್ಕ್, ಮಗ ಎಷ್ಟ್ ಎತ್ರ ಹತ್ತುತ್ತ ಅಂದೇಳಿ."

ಪಾಪ, ಹೊಗಳುವುದಕ್ಕೇ ಹೇಳಿದ್ದು. ಅಮ್ಮನಿಗೆ ಮಾತ್ರ ಹೇಳಬೇಡಿ ಅಂತ ಕೈ ಮುಗಿದು, ಅದಕ್ಕೆ ಬದಲಾಗಿ ಬೆಲ್ಟು ಕಟ್ಟಿಕೊಂಡೆ. ಮೇಲೆ ಹೋಗಿ ನಾಲ್ಕು ದಿಕ್ಕೂ ನೋಡಿದೆ, ಹೊಳೆಯಾಚೆಯವರೆಗೂ ನೋಡಿದೆ. ಎಲ್ಲೂ ಇಲ್ಲ. ಬೆವರು ಸುರಿಸಿಕೊಂಡು ಇಳಿದು ಬಂದರೆ, ದನ ನಮ್ಮ ಜನರೇಟರಿನ ನೆರಳಲ್ಲಿ ಮೆಲುಕು ಹಾಕುತ್ತಾ ಮಲಗಿತ್ತು.

ಬ್ರಹ್ಮಾವರದ ಏಸಿ

ನಾನು ಎಲ್ಲರಿಗೂ ಫೋನ್ ಸಿಗಲಿ ಅಂತ ದುಡಿಯುವವನು. ಅದರ ಫಲ ಮೊದಲು ಉಂಡವಳು ಅಮ್ಮ. ಬ್ರಹ್ಮಾವರದ ಟವರಿನ ನೆತ್ತಿಯಲ್ಲಿ ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದಿದ್ದಾಗ ಕರೆ ಬಂತು.

"ಎಂತ ಮಗ, ಅಷ್ಟ್ ಜೋರ್ ಗಾಳಿ ಶಬ್ದ?"

"ಏಸಿ ಅಮ್ಮ."

"ಗಿಡುಗ ಕೂಗ್ದಂಗೆ ಕೇಂತ್ತಲ?"

"ಅದೂ ಏಸಿಯೇ. ಹಳೇದು."

ಮರುದಿನ ಅಮ್ಮ ಬುತ್ತಿಯ ಜೊತೆ ಉಣ್ಣೆಯ ಮಫ್ಲರ್ ಇಟ್ಟಳು. ಏಸಿಯ ಥಂಡಿ ಕಿವಿಗೆ ಹೋದರೆ ಕೆಟ್ಟದ್ದಂತೆ. ಅದನ್ನು ನಾನು ಸುತ್ತಿಕೊಳ್ಳುತ್ತೇನೋ ಇಲ್ಲವೋ ಅಂತ ನಮ್ಮ ಮೇಸ್ತ್ರಿಗೂ ಫೋನ್ ಮಾಡಿ ಕೇಳಿದಳು. ಮೇಸ್ತ್ರಿ ದೇವರಿಗೆ ಹೆದರುವ ಮನುಷ್ಯ, ಸುಳ್ಳು ಹೇಳುವವನಲ್ಲ. ಹಾಗಾಗಿ ಏಪ್ರಿಲ್ ತಿಂಗಳ ನಡು ಮಧ್ಯಾಹ್ನ, ಕಬ್ಬಿಣ ಮುಟ್ಟಿದರೆ ಕೈ ಸುಡುವ ಹೊತ್ತಿಗೆ, ನನ್ನ ಕುತ್ತಿಗೆಗೆ ಮಫ್ಲರ್ ಸುತ್ತಿಸಿಯೇ ಮೇಲೆ ಕಳಿಸಿದ.

ಲೋಕದ ಅತಿ ಎತ್ತರದ್ದು

ನಮ್ಮ ಪಕ್ಕದ ಮನೆಯ ಯಜಮಾನರು ದುಬೈಯಿಂದ ರಜೆಗೆ ಬಂದರು. ಲೋಕದಲ್ಲೇ ಎಲ್ಲಕ್ಕಿಂತ ಎತ್ತರದ ಗೋಪುರ ಅಲ್ಲಿ ಎದ್ದಿತ್ತಲ್ಲ, ಅದರ ಫೋಟೊ ಹಿಡಿದುಕೊಂಡೇ ಮನೆಮನೆಗೂ ಹೋಗುತ್ತಿದ್ದರು. ನಮ್ಮಲ್ಲಿಗೂ ಬಂದರು. ಅಮ್ಮ ಕನ್ನಡಕ ಹಾಕಿಕೊಂಡು ಫೋಟೊವನ್ನು ಬುಡದಿಂದ ತುದಿವರೆಗೆ ನೋಡಿದಳು.

"ಇದನ್ನ ಕಟ್ಟುಕೆ ಹತ್ತಿದ ಮಕ್ಕಳ ಅಮ್ಮಂದ್ರ್ ಹ್ಯಾಂಗ್ ನಿದ್ರೆ ಮಾಡಿರೋ ಏನೋ" ಅಂದಳು.

ರಜೆಗೆ ಬರುವ ದಾರಿಯಲ್ಲೇ ಪಕ್ಕದ ಮನೆಯವರು ನನ್ನನ್ನು ಟವರಿನ ಮೇಲೆ ಕಂಡಿದ್ದರು. ನೆರೆಯವರು ಉತ್ಸಾಹದಲ್ಲಿ, "ಅದೆಂತ ದೊಡ್ಡದಲ್ಲ ಅಕ್ಕ, ನಿಮ್ಮ ಮಗನೂ..." ಅಂತ ಶುರು ಮಾಡಿದರು. ನಾನು ಮೇಜಿನಡಿ ಅವರ ಕಾಲು ಮೆಟ್ಟಿದೆ. "...ನಿಮ್ಮ ಮಗನೂ ಒಂದ್ ಸಲ ಬಂದು ಕಾಣ್ಕ್" ಅಂತ ಮುಗಿಸಿದರು.

ಅಂಗಳಕ್ಕೆ ಬಂದ ಮೇಲೆ ಮಾತು ತಿರುಗಿಸಲು ಕೇಳಿದೆ. "ಮೇಲಿಂದ ಹ್ಯಾಂಗೆ ಕಾಣತ್ತ್?"

ಅವರು ಆಚೀಚೆ ನೋಡಿ ಸಣ್ಣ ದನಿಯಲ್ಲಿ ಹೇಳಿದರು. "ಯಾರ ಹತ್ರವೂ ಹೇಳ್ಬ್ಯಾಡ ಮರಾಯ. ಲಿಫ್ಟಿನ ಬಾಗಿಲು ತೆಗ್ದದ್ದೇ ನಂಗೆ ಮಂಡೆ ತಿರುಗ್ತ್. ಹೆಂಡ್ತಿ ಒಬ್ಳೇ ಹೋಯಿ ಬಂದದ್ದ್."

ಕಡೆಗೆ ಗೊತ್ತಾದದ್ದು

ಬೈಂದೂರಿನ ಹತ್ತಿರ ಹೆದ್ದಾರಿ ಬದಿಯ ಟವರಿನ ಮೇಲಿದ್ದೆ. ಕೆಳಗೆ ಬಸ್ಸೊಂದು ಪಂಚರ್ ಆಗಿ ಜನ ಇಳಿದರು. ಚಿಕ್ಕಿಯ ಮನೆಗೆ ಹೊರಟಿದ್ದ ಅಮ್ಮನೂ ಅದರಲ್ಲಿದ್ದಳು. ಎಲ್ಲರಂತೆ ಅವಳೂ ಕತ್ತೆತ್ತಿ, "ಅಯ್ಯೋ ಪಾಪ, ಯಾರ್ ಹೆತ್ತ ಮಗನೋ" ಅಂದಳಂತೆ. ಹಗ್ಗ ಹಿಡಿದು ನಿಂತಿದ್ದ ನನ್ನ ಜೊತೆಗಾರ ನಮ್ಮ ಮನೆಯಲ್ಲಿ ನಾಲ್ಕು ಸಲ ಉಂಡವನು. ಗುಟ್ಟು ಅವನಿಗೂ ಗೊತ್ತಿತ್ತು. ಆದರೆ ಮರ್ಯಾದೆ ಮುಂದೆ ಬಂತು.

"ಓ ಅಮ್ಮ, ನೀವಾ? ಅವನನ್ನ ಕೆಳಗೆ ಕರೀಕಾ?" ಅಂದ.

ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅನ್ನ ಬಡಿಸಿ ಒಳಗೆ ಹೋಗಿಬಿಡುತ್ತಿದ್ದಳು. ಆಣೆ ಮುರಿದ ಸಂಕಟ ನನಗೆ ಆಗ ತಟ್ಟಿತು. ಕೆಲಸ ಬಿಡುತ್ತೇನೆ ಅಂತ ಹೇಳಲು ಮೂರನೇ ದಿನ ಬೆಳಿಗ್ಗೆ ಅವಳ ಮುಂದೆ ಕೂತೆ. ಅವಳೇ ಮೊದಲು ಬಾಯಿ ಬಿಟ್ಟಳು.

"ಆ ಬೆಲ್ಟ್ ಕಟ್ಕಂಡ್ರೆ ಬೀಳುದಿಲ್ಯಾ?"

"ಬೀಳೂದೇ ಇಲ್ಲ ಅಮ್ಮ."

"ಹಂಗಾರೆ ನನ್ನ ಎದ್ರೇ ಒಂದ್ ಸಲ ಹತ್ತ್. ಬಿದ್ರೆ ಕೆಲ್ಸ ಬಿಡ್ಕ್. ಬೀಳ್ದಿದ್ರೆ ಹೋಯ್ಲಕ್ಕ್. ಹಿತ್ಲಂಗೆ ತೆಂಗಿನ ಮರ ಇತ್ತಲ. ಕಾಯಿ ಕೊಯ್ಯುವವ ಬತ್ತೆ ಬತ್ತೆ ಅಂದೇಳಿ ಎರಡ್ ತಿಂಗ್ಳಾಯ್ತ್."

ಕೆಲಸ ಉಳಿಯಿತು ಅಂತಲೇ ಲೆಕ್ಕ ಹಾಕಿ, ಬೆಲ್ಟನ್ನು ಮರಕ್ಕೆ ಸುತ್ತಿ ಹೊರಟೆ. ಟವರಿಗೆ ಏಣಿಯಿದೆ, ಮರಕ್ಕೆ ಇಲ್ಲ ಎಂಬುದು ಮರವನ್ನು ಅಪ್ಪಿಕೊಂಡ ಮೇಲೆ ತಲೆಗೆ ಹೋಯಿತು. ಎರಡಾಳು ಎತ್ತರಕ್ಕೆ ಹೋಗುವಷ್ಟರಲ್ಲಿ ಕಾಲು ಜಾರಿತು. ಬೆಲ್ಟು ತನ್ನ ಕೆಲಸ ಸರಿಯಾಗಿಯೇ ಮಾಡಿತು. ನಾನು ನೇತಾಡಿಕೊಂಡು ಉಳಿದೆ. ಮೈಭಾರಕ್ಕೆ ಕೊಂಡಿ ಬಿಗಿದು ಬಿಚ್ಚಲು ಬರಲಿಲ್ಲ.

"ಬೀಳ್ಲಿಲ್ಲ, ಅದ್ ಹೌದ್" ಅಂದಳು ಅಮ್ಮ. "ಇಳಿ ಈಗ."

"ಇಳೂಕೆ ಆತಿಲ್ಲೆ ಅಮ್ಮ."

ಕೇರಿಯವರೆಲ್ಲ ನೆರೆದರು. ಎರಡು ತಿಂಗಳಿಂದ ಬಾರದ ಕಾಯಿ ಕೊಯ್ಯುವವ, ಸುದ್ದಿ ಕೇಳಿ ಹತ್ತೇ ನಿಮಿಷದಲ್ಲಿ ಓಡಿ ಬಂದ. ನನ್ನನ್ನು ಬಾಳೆಗೊನೆಯಂತೆ ಹೆಗಲಿಗೆ ಹಾಕಿ ಇಳಿಸಿ, ಬಂದದ್ದಕ್ಕೆ ಇರಲಿ ಅಂತ ಕಾಯಿಯನ್ನೂ ಕೊಯ್ದು ಹೋದ. ಅಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದಳು. ಅಪ್ಪಯ್ಯ ಹೋದ ಮೇಲೆ ಅವಳು ಹಾಗೆ ನಕ್ಕದ್ದು ಕಂಡಿರಲಿಲ್ಲ. ನನ್ನ ಮೊಣಕಾಲು ತರಚಿ ಉರಿಯುತ್ತಿದ್ದರೂ ಖುಷಿಯಾಯಿತು.

ಅವತ್ತಿನಿಂದ ಅಮ್ಮನ ಹೆದರಿಕೆ ಹೋಯಿತು. ನಾನು ಎಷ್ಟು ಟವರ್ ಹತ್ತಿದರೂ ಅವಳು ಸುಖವಾಗಿ ನಿದ್ದೆ ಮಾಡಿದಳು. ಯಾರಾದರೂ ಬಂದು, ನಿಮ್ಮ ಮಗ ಟವರಿನ ತುದಿಯಲ್ಲಿ ನಿಂತದ್ದು ಕಂಡೆ ಅಂದರೆ, ಈಗಲೂ ಅವಳ ಉತ್ತರ ಒಂದೇ.

"ಸುಮ್ನಿರಿ ಮರಾಯ್ರೆ. ಅವ ಹತ್ತುದ್ ಎಷ್ಟ್ ಅಂತ ನಾನೇ ಕಣ್ಣಾರೆ ಕಂಡಿದ್ದೆ. ಅದ್ ಬೇರೆ ಯಾರೋ ಪಾಪದವ."