ಸಿಂಹ ಹೊರಟಿದೆ, ದಾರಿ ಬಿಡಿ!

ಓದುವುದರಲ್ಲಿ ಎರಡು ಬಗೆ. ಬರೆದದ್ದನ್ನು ಓದುವುದು ಒಂದು, ಬರೆದವನ ಮನಸ್ಸನ್ನು ಓದುವುದು ಇನ್ನೊಂದು. ಮೊದಲನೆಯದನ್ನು ಯಾರು ಬೇಕಾದರೂ ಕಲಿಸಬಹುದು. ಎರಡನೆಯದಕ್ಕೆ ನನ್ನ ಹತ್ತಿರವೇ ಬರಬೇಕು!

ಇದು ಜಂಬವಲ್ಲ, ಹೊಟ್ಟೆಪಾಡು. ತಮಿಳುನಾಡಿನ ಕಂಬಂ ಊರಿನಲ್ಲಿ ಒಂದು ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ನಾನು ಸರ್ಕಾರಿ ಪರೀಕ್ಷೆ ಬರೆಯುವವರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಪ್ರಶ್ನೆಪತ್ರಿಕೆಯಲ್ಲಿ ಒಂದು ಗದ್ಯಭಾಗ ಕೊಟ್ಟು ಕೆಳಗೆ ಕೇಳುತ್ತಾರೆ: ಲೇಖಕರ ಧ್ವನಿ ಎಂಥದ್ದು? ಕೋಪವೇ, ವ್ಯಂಗ್ಯವೇ, ವಾತ್ಸಲ್ಯವೇ? ಮೂಡು ಏನು? ಇದನ್ನು ಬರೆದ ಉದ್ದೇಶವೇನು? ಬಂದವರೆಲ್ಲ ಇಲ್ಲಿಯೇ ಮುಗ್ಗರಿಸುತ್ತಾರೆ. ಅವರಿಗಾಗಿ ನಾನೊಂದು ಸೂತ್ರ ಕಟ್ಟಿದ್ದೇನೆ. ಯಾರು ಹೇಳಿದ್ದು? ಯಾರಿಗೆ? ಯಾಕೆ? ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರ ಬರೆಯುವ ಮೊದಲು ಗದ್ಯಭಾಗವನ್ನು ಕೊನೆಯವರೆಗೂ ಓದಬೇಕು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ನನ್ನ ಇನ್ನೊಂದು ಗುಣವನ್ನೂ ಹೇಳಬೇಕು. ನಾನು ಯಾರಿಗೂ ಹತ್ತಕ್ಕೆ ಆರರ ಮೇಲೆ ಅಂಕ ಕೊಟ್ಟವನಲ್ಲ. ನನ್ನ ಕೈಯಲ್ಲಿ ಆರು ಸಿಕ್ಕವರು ಅವತ್ತು ಮನೆಗೆ ಜಿಲೇಬಿ ಕೊಂಡು ಹೋಗುತ್ತಾರೆ. ಈ ಸಂಗತಿ ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ನನ್ನ ಹೆಂಡತಿಯ ಅಣ್ಣ ಮಲೈಚಾಮಿಗೆ ಗೊತ್ತಿರಲಿಲ್ಲ.

ಮಲೈಚಾಮಿ ಆಂಡಿಪಟ್ಟಿ ಸಂತೆಯಲ್ಲಿ ಕಡಲೆಕಾಯಿ ವ್ಯಾಪಾರಿ. ನನಗೆ ಅವನು ಮಚ್ಚಾನ್, ತಂಗಿಯ ಗಂಡನಾದ ನಾನು ಅವನಿಗೆ ಮಾಪಿಳ್ಳೆ. ಆಳು ಬಾಗಿಲಿನಷ್ಟು ಅಗಲ, ಮೀಸೆ ಅದಕ್ಕೆ ತಕ್ಕಂತೆ. ಹೋದ ವರ್ಷ ಹೊಸ ಮನೆ ಕಟ್ಟಿಸಿ, ಗೇಟಿನ ಮೇಲೆ ಎರಡು ಸಿಮೆಂಟಿನ ಸಿಂಹ ಕೂರಿಸಿ, ಗೃಹಪ್ರವೇಶದ ದಿನ ನೂರಾರು ನೆಂಟರ ಎದುರಿಗೆ ನನ್ನ ಹೆಗಲ ಮೇಲೆ ಕೈ ಹಾಕಿ ಕೇಳಿದ್ದ, ‘‘ಹೆಂಗೈತೆ ಮಾಪಿಳ್ಳೆ, ಮನೆ?’’

ನಾನು ಮನಸ್ಸು ತುಂಬಿ, ನನ್ನ ಅತ್ಯುನ್ನತ ಗೌರವವನ್ನೇ ಸಲ್ಲಿಸಿದೆ. ‘‘ಹತ್ತಕ್ಕೆ ಆರು, ಮಚ್ಚಾನ್!’’

ಹೆಗಲ ಮೇಲಿದ್ದ ಕೈ ಇಳಿಯಿತು. ಅವತ್ತಿನಿಂದ ಮಲೈಚಾಮಿ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಸರಿ, ಅವನು ಬರದಿದ್ದರೆ ನನಗೇನು ಎನ್ನುವ ಹಾಗಿಲ್ಲ. ಶತಮಾನಗಳ ಹಿಂದೆ ನಮ್ಮ ಹಿರೀಕರು ಕನ್ನಡನಾಡು ಬಿಟ್ಟು ಈ ಕಣಿವೆಗೆ ಬಂದರಂತೆ. ನಮ್ಮ ಮನೆಮಾತಿಗೆ ಅರ್ಧಕ್ಕರ್ಧ ತಮಿಳು ಸೇರಿದೆ. ಆದರೆ ತಾಯ್ಮಾಮನ ವಿಷಯದಲ್ಲಿ ಎರಡು ಮಾತೂ ಒಂದೇ. ಮಗುವಿನ ಕಿವಿ ಚುಚ್ಚುವಾಗ ಅದು ಕೂರಬೇಕಾದದ್ದು ತಾಯಿಯ ಅಣ್ಣನ ತೊಡೆಯ ಮೇಲೆ. ಅವನು ಬರಬೇಕು, ಸೀರು ತರಬೇಕು. ಸೀರು ಎಂದರೆ ತವರಿನ ಉಡುಗೊರೆ: ಬಟ್ಟೆ, ಬಳೆ, ಹಣ್ಣು, ಸಿಹಿ, ಎಲ್ಲವನ್ನೂ ತಟ್ಟೆಗಳಲ್ಲಿ ಹೊತ್ತು, ಮೇಳದ ಜೊತೆ ಮೆರವಣಿಗೆ. ಮಾಮ ಬರದ ಮಗುವಿನ ಕಿವಿಗೆ ಓಲೆ ಹತ್ತಿದರೂ ಊರಿನ ಬಾಯಿಗೆ ಬೀಗ ಹತ್ತುವುದಿಲ್ಲ. ನಮ್ಮ ಮಗಳು ಇನಿಯಾಳಿಗೆ ಮೂರು ತುಂಬಿತ್ತು. ಮುಹೂರ್ತ ಗೊತ್ತಾಗಿತ್ತು.

ಪದ್ಧತಿಯ ಪ್ರಕಾರ ಗಂಡಹೆಂಡಿರು ತಾಂಬೂಲದ ತಟ್ಟೆ ಹಿಡಿದು ಆಂಡಿಪಟ್ಟಿಗೆ ಹೋಗಿ ಕರೆದೆವು. ಮಲೈಚಾಮಿ ತಟ್ಟೆಯನ್ನು ಕಣ್ಣಿಗೊತ್ತಿಕೊಂಡು, ‘‘ಆಗ್ಲಿ, ಬತ್ತೀನಿ’’ ಎಂದ. ಅಷ್ಟೇ! ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ವಿಶ್ಲೇಷಣೆಗೆ ಕುಳಿತೆ.

‘‘ಜಯಂತಿ, ಕಾಫಿಯಲ್ಲಿ ಸಕ್ಕರೆ ಇರಲಿಲ್ಲ, ಗಮನಿಸಿದೆಯಾ? ಅದು ಕಾಫಿಯಲ್ಲ. ಸಂದೇಶ.’’

‘‘ಅತ್ತಿಗೆಗೆ ಸಕ್ಕರೆ ಕಾಯಿಲೆ. ಆ ಮನೇಲಿ ಯಾರ ಕಾಫಿಗೂ ಸಕ್ಕರೆ ಹಾಕಾಕಿಲ್ಲ’’ ಎಂದು ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿದಳು.

ವಾರ ಕಳೆಯಿತು. ಒಂದು ಬೆಳಿಗ್ಗೆ ಜಯಂತಿಯ ಫೋನಿಗೆ ಅಣ್ಣನ ಮೆಸೇಜು ಬಂತು. ನಾವು ಮಾತಾಡುವುದು ಕನ್ನಡ, ಒತ್ತುವುದು ತಮಿಳು ಅಕ್ಷರ. ‘‘ಬತ್ತಾ ಇದೀನಿ. ಊರೇ ನಿಂತು ನೋಡ್ಬೇಕು. ನಿಮ್ಮನೆಯೋರಿಗೆ ಹೇಳಿಡು.’’

ನಾನು ಫೋನು ಕಿತ್ತುಕೊಂಡೆ. ತುಂಡು ತುಂಡು ವಾಕ್ಯ: ಕೋಪದ ಲಕ್ಷಣ. ‘ಮಾಪಿಳ್ಳೆ’ ಎಂಬ ಪದವೇ ಇಲ್ಲ: ಸಂಬಂಧ ಕಡಿದುಕೊಂಡ ಲಕ್ಷಣ. ‘ಊರೇ ನೋಡಬೇಕು’: ಸಾರ್ವಜನಿಕ ಅವಮಾನದ ಪೂರ್ವಸೂಚನೆ!

‘‘ಅಣ್ಣ ಸಂತೇಲಿ ನಿಂತ್ಕೊಂಡು ಒಂದು ಬೆರಳಲ್ಲಿ ಒತ್ತಾನೆ. ಬತ್ತೀನಿ ಅಂದವ್ನೆ. ಅದ್ರಾಗೆ ಓದಾಕೆ ಇನ್ನೇನೈತೆ?’’ ಎಂದಳು ಜಯಂತಿ.

‘‘ನೀನು ಅಕ್ಷರ ಓದುತ್ತೀಯ. ನಾನು ಅಕ್ಷರದ ಹಿಂದಿನ ಮನುಷ್ಯನನ್ನು ಓದುತ್ತೇನೆ’’ ಎಂದೆ.

‘‘ಆ ಮನುಷ್ಯನ ಜೊತೆ ನಾನು ಇಪ್ಪತ್ತು ವರ್ಷ ಒಂದೇ ತಟ್ಟೇಲಿ ಉಂಡಿದೀನಿ.’’

ಹೆಂಗಸರಿಗೆ ತವರಿನ ಬಗ್ಗೆ ಪಕ್ಷಪಾತ ಇದ್ದದ್ದೇ. ನಾನು ಆ ಮಾತನ್ನು ಸಾಕ್ಷ್ಯವಾಗಿ ಪರಿಗಣಿಸಲಿಲ್ಲ.

ಸಮಾರಂಭಕ್ಕೆ ಎರಡು ದಿನ ಮುಂಚೆ ಪಕ್ಕದ ಮನೆಯ ಪಾಂಡಿಯಣ್ಣ ಓಡಿಬಂದ. ಆತ ನಿವೃತ್ತ ಬಸ್ ಕಂಡಕ್ಟರ್. ಕೆಲಸ ಬಿಟ್ಟರೂ ಸೀಟಿ ಬಿಟ್ಟಿಲ್ಲ, ಈಗಲೂ ಕೊರಳಲ್ಲಿ ನೇತಾಡುತ್ತದೆ. ಊರಿನವರ ಬಾಯಲ್ಲಿ ಮೇಷ್ಟ್ರು ಎಂದರೆ ವಾತ್ಯಾರು. ‘‘ವಾತ್ಯಾರೇ, ನಿಮ್ ಮಚ್ಚಾನ್ ಬ್ಯಾನರ್ ಕಟ್ಸವ್ನೆ! ನಾಲ್ಕು ರಸ್ತೇಲಿ! ಬಂದು ನೋಡಿ!’’

ಹೋಗಿ ನೋಡಿದೆ. ನೋಡಿ, ಅಲ್ಲಿಯೇ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟೆ.

ಎರಡಾಳೆತ್ತರದ ಫ್ಲೆಕ್ಸ್. ನಡುವೆ ಕಪ್ಪು ಕನ್ನಡಕ ಹಾಕಿದ ಮಲೈಚಾಮಿ. ಎಡಕ್ಕೊಂದು ಸಿಂಹ, ಬಲಕ್ಕೊಂದು ಸಿಂಹ, ಹಿಂದೆ ಬೆಂಕಿ. ಮೇಲೆ ದಪ್ಪ ತಮಿಳಕ್ಷರದಲ್ಲಿ, ‘ಸಿಂಹ ಹೊರಟಿದೆ! ದಾರಿ ಬಿಡಿ!’ ಅದರ ಕೆಳಗೆ, ‘ಈ ಸಲ ಹತ್ತಕ್ಕೆ ಹತ್ತು!’ ಅದಕ್ಕೂ ಕೆಳಗೆ ಏನಿತ್ತೋ, ಟೀ ಅಂಗಡಿಯ ಟಾರ್ಪಾಲು ಅಡ್ಡ ಬಂದಿತ್ತು. ಅಷ್ಟು ಓದಿದ ಮೇಲೆ ಕೆಳಗಿನದನ್ನು ಓದುವ ಶಕ್ತಿ ಯಾರಿಗಿರುತ್ತದೆ ಹೇಳಿ!

ಸೂತ್ರ ತಾನಾಗಿಯೇ ಕೆಲಸ ಮಾಡತೊಡಗಿತು. ಯಾರು ಹೇಳಿದ್ದು? ಸಿಂಹ. ಯಾರಿಗೆ? ಹತ್ತಕ್ಕೆ ಆರು ಕೊಟ್ಟವನಿಗೆ. ಯಾಕೆ? ಕಾಲು ಮುರಿಯುವುದಕ್ಕೆ.

‘‘ಏನಂತೀಯ ಪಾಂಡಿಯಣ್ಣ?’’ ಎಂದೆ.

‘‘ಬೆಂಕಿ ಬೇರೆ ಹಾಕ್ಸವ್ನೆ’’ ಎಂದ ಪಾಂಡಿಯಣ್ಣ. ಈ ಜಗತ್ತಿನಲ್ಲಿ ಧೈರ್ಯ ಹೇಳುವವರು ಕಡಿಮೆ.

ಸಂಜೆ ನಾನೊಂದು ಸಂಧಾನ ಪತ್ರವನ್ನು ಅಚ್ಚುಕಟ್ಟಾದ ಗ್ರಾಂಥಿಕ ತಮಿಳಿನಲ್ಲಿ ರಚಿಸಿ ಮಲೈಚಾಮಿಯ ಫೋನಿಗೆ ಕಳಿಸಿದೆ. ಅದರ ಸಾರ ಹೀಗಿತ್ತು: ‘ಪೂಜ್ಯ ಮಚ್ಚಾನ್ ಅವರ ಸನ್ನಿಧಿಗೆ. ತಮ್ಮ ಆಗಮನದ ವಾರ್ತೆ ಕೇಳಿ ಈ ಬಡ ಕುಟುಂಬ ನಡುಗುತ್ತಿದೆ. ತಮ್ಮ ಗೃಹಕ್ಕೆ ನೀಡಲಾಗಿದ್ದ ಅಂಕಗಳನ್ನು ಮರುಮೌಲ್ಯಮಾಪನಕ್ಕೆ ಒಳಪಡಿಸಲು ಸಿದ್ಧನಿದ್ದೇನೆ.’

ಉತ್ತರವಾಗಿ ಒಂದು ಹೆಬ್ಬೆರಳು ಬಂತು. ಒಂದೇ ಒಂದು ಹೆಬ್ಬೆರಳು! ಉಳಿದ ನಾಲ್ಕು ಬೆರಳು ಮಡಿಚಿಕೊಂಡಿದ್ದವು. ಮಡಿಸಿದ ನಾಲ್ಕು ಬೆರಳಿಗೆ ಏನೆನ್ನುತ್ತಾರೆ? ಮುಷ್ಟಿ!

ಇನ್ನು ತಡಮಾಡುವಂತಿರಲಿಲ್ಲ. ಸಿಂಹ ಬಂದು ಗಲಾಟೆ ಎಬ್ಬಿಸಿದರೆ ಮಗುವಿನ ಮುಹೂರ್ತ ಏನಾಗಬೇಕು? ಹೆಂಡತಿಗೆ ತಿಳಿಸದೆ ಚಿನ್ನಾಳಪಟ್ಟಿಗೆ ಫೋನು ಮಾಡಿದೆ. ಅಲ್ಲಿ ಅವಳ ಚಿಕ್ಕಪ್ಪನ ಮಗ ಗಣೇಶನ್ ಸೀರೆ ವ್ಯಾಪಾರ ಮಾಡುತ್ತಾನೆ. ಲೆಕ್ಕಕ್ಕೆ ಅವನೂ ಅಣ್ಣನೇ, ಅವನಿಗೂ ತೊಡೆ ಇದೆ. ‘‘ಸುಮ್ನೆ ಪಕ್ಕದಲ್ಲಿರಪ್ಪ, ಬಸ್ಸಿಗೆ ಸ್ಟೆಪ್ನಿ ಇದ್ದ ಹಾಗೆ’’ ಎಂದೆ. ಗಣೇಶನ್‌ನನ್ನು ಯಾರೂ ಎಂದೂ ಯಾವ ಕಾರ್ಯಕ್ಕೂ ಮುಂದೆ ಕರೆದವರಲ್ಲ. ‘‘ನಾನಿದೀನಿ ಮಾಪಿಳ್ಳೆ’’ ಎಂದ.

ಆ ದಿನ ಬಂತು. ಊರಾಚೆಯ ಕುಲದೇವರ ಗುಡಿ, ಹುಣಸೆಮರದ ನೆರಳು, ಜಮಖಾನ, ಸೂಜಿ ಹಿಡಿದ ಆಚಾರಿ. ಗಣೇಶನ್ ಜರಿಪಂಚೆ ಉಟ್ಟು, ಯಾರೂ ಹೇಳದೆಯೇ ತಲೆಗೆ ರುಮಾಲು ಸುತ್ತಿಕೊಂಡು ಬಂದಿದ್ದ. ಸ್ಟೆಪ್ನಿ ತಾನೇ ಗಾಡಿ ಓಡಿಸುವ ಉತ್ಸಾಹದಲ್ಲಿತ್ತು! ಜಯಂತಿ ಪೊಂಗಲು ಇಡಲು ಗುಡಿಯ ಹಿಂದೆ ಹೋಗಿದ್ದಳು. ಪಾಂಡಿಯಣ್ಣನನ್ನು ನಾನು ರಸ್ತೆಯ ತಿರುವಿನಲ್ಲಿ ಕಾವಲು ನಿಲ್ಲಿಸಿದ್ದೆ. ಸಿಂಹ ಕಂಡರೆ ಸೀಟಿ ಊದಬೇಕು.

ಸೀಟಿ ಕೇಳಿತು. ಅದರ ಹಿಂದೆಯೇ ತಮಟೆ ಕೇಳಿತು. ಅದರ ಹಿಂದೆ ಪಟಾಕಿ!

‘‘ಕೂರು ಗಣೇಶಾ, ಕೂರು! ಆಚಾರಿ, ಚುಚ್ಚಿ! ಬೇಗ ಚುಚ್ಚಿ!’’ ಎಂದು ಕಿರುಚಿದೆ. ಗಣೇಶನ್ ಚಕ್ಕಳಮಕ್ಕಳ ಹಾಕಿ ಕುಳಿತು ಮಗುವನ್ನು ತೊಡೆಗೇರಿಸಿಕೊಂಡ. ಆಚಾರಿ ನನ್ನ ಮುಖ ನೋಡಿ, ‘‘ನಿಮ್ಗೆ ಚುಚ್ಚೋದಾ, ಪಾಪುಗಾ? ನೀವು ಮೊದ್ಲು ಅಲ್ಲಾಡೋದು ನಿಲ್ಸಿ’’ ಎಂದ.

ಅಷ್ಟರಲ್ಲಿ ಮೆರವಣಿಗೆ ತಿರುವು ದಾಟಿತು. ಮುಂದೆ ತಮಟೆಯವರು, ಹಿಂದೆ ತಲೆಯ ಮೇಲೆ ತಟ್ಟೆ ಹೊತ್ತ ಹೆಂಗಸರ ಸಾಲು. ರೇಷ್ಮೆ ಲಂಗ, ಬಳೆಗೊಂಚಲು, ದ್ರಾಕ್ಷಿಯ ಬುಟ್ಟಿ, ಬಾಳೆಗೊನೆ, ಲಡ್ಡು, ನಿಲಕ್ಕೋಟ್ಟೈಯಿಂದ ತರಿಸಿದ ಆಳುದ್ದದ ಮಲ್ಲಿಗೆ ಹಾರ. ಎಲ್ಲದರ ನಡುವೆ ಮಲೈಚಾಮಿ. ಬಾಗಿಲಿನಷ್ಟು ಅಗಲದ ಮನುಷ್ಯ, ಮೀಸೆ ಕುಣಿಸಿಕೊಂಡು, ತಾನೇ ಕುಣಿಯುತ್ತಿದ್ದ! ಕೈಯಲ್ಲಿ ದೊಣ್ಣೆಯಿರಲಿಲ್ಲ. ಬೆಳ್ಳಿಯ ಕಾಲ್ಗೆಜ್ಜೆಯಿತ್ತು.

‘‘ಮಾಮಾ!’’ ಎಂದು ಇನಿಯಾ ಗಣೇಶನ್‌ನ ತೊಡೆಯಿಂದ ಜಾರಿ ಓಡಿದಳು.

ಮಲೈಚಾಮಿ ಅವಳನ್ನು ಎತ್ತಿಕೊಂಡ. ಆಮೇಲೆ ಜಮಖಾನದ ಕಡೆ ನೋಡಿದ. ತನ್ನ ಜಾಗದಲ್ಲಿ, ರುಮಾಲು ಸುತ್ತಿಕೊಂಡು, ತೊಡೆ ಖಾಲಿ ಮಾಡಿಕೊಂಡು ಕುಳಿತ ಗಣೇಶನ್‌ನನ್ನು ನೋಡಿದ. ಕುಣಿಯುತ್ತಿದ್ದ ಕಾಲು ನಿಂತವು. ತಮಟೆ ನಿಂತಿತು. ಮಗುವನ್ನು ಮೆಲ್ಲಗೆ ಕೆಳಗಿಳಿಸಿದ. ಕಾಲ್ಗೆಜ್ಜೆಯನ್ನು ತಟ್ಟೆಯಲ್ಲಿಟ್ಟ. ತಿರುಗಿ ಹೋಗಿ, ಸೀರು ತಂದ ವ್ಯಾನಿನಲ್ಲಿ ಕುಳಿತು ಬಾಗಿಲು ಎಳೆದುಕೊಂಡ.

ಗುಡಿಯ ಹಿಂದಿನಿಂದ ಸೌಟು ಹಿಡಿದು ಓಡಿಬಂದ ಜಯಂತಿ ಎಲ್ಲರ ಮುಖ ನೋಡಿದಳು, ಗಣೇಶನ್‌ನ ರುಮಾಲು ನೋಡಿದಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ನನ್ನ ಪಕ್ಕ ನಿಂತು, ವ್ಯಾನಿನ ಕಡೆ ಸೌಟು ತೋರಿಸಿ ಹೇಳಿದಳು, ‘‘ನೋಡಿ, ಅದು ಸಿಟ್ಟು. ನಮ್ಮಣ್ಣ ಸಿಟ್ಟಾದ್ರೆ ಬರೆಯಾಕಿಲ್ಲ, ಬ್ಯಾನರ್ ಕಟ್ಸಾಕಿಲ್ಲ. ಹಿಂಗೆ ಕೂತ್ಕೋತಾನೆ. ಚೆನ್ನಾಗಿ ನೋಡ್ಕೊಳಿ, ನಾಳೆ ಪಾಠಕ್ಕೆ ಬೇಕಾಯ್ತದೆ.’’ ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತ್ತು.

ನಾನು ವ್ಯಾನಿನ ಬಳಿಗೆ ಹೋದೆ. ಕಿಟಕಿ ತಟ್ಟಿದೆ. ‘‘ಮಚ್ಚಾನ್, ತಮ್ಮ ಘನತೆಗೆ ಚ್ಯುತಿ ಬರುವಂಥ...’’

‘‘ನೀವು ತಮಾಷೆಗೆ ಬರ್ದಿರಿ ಅಂದ್ಕೊಂಡೆ ಮಾಪಿಳ್ಳೆ’’ ಎಂದ ಮಲೈಚಾಮಿ, ನನ್ನ ಮುಖ ನೋಡದೆ. ‘‘ಮನೆ ನಡುಗ್ತೈತೆ ಅಂತ. ಸಂತೇಲಿ ಎಲ್ರಿಗೂ ಓದಿ ಹೇಳ್ದೆ. ಬಿದ್ದು ಬಿದ್ದು ನಗಾಡಿದ್ರು. ನಮ್ ವಾತ್ಯಾರು ಎಷ್ಟು ಸೊಗಸಾಗಿ ಕಿಂಡಲ್ ಮಾಡ್ತಾರೆ ಅಂತ ನಾನೂ ಹೆಬ್ಬೆಟ್ಟು ಹಾಕ್ದೆ.’’

ನನ್ನ ಜೀವಮಾನದ ಅತ್ಯಂತ ಗಂಭೀರ ಗದ್ಯ ಆಂಡಿಪಟ್ಟಿ ಸಂತೆಯಲ್ಲಿ ಹಾಸ್ಯವಾಗಿ ಜಯಭೇರಿ ಬಾರಿಸಿತ್ತು!

‘‘ಮನೆಗೆ ಆರು ಹಾಕಿದ್ರಿ’’ ಎಂದ. ಆ ದೊಡ್ಡ ಮೀಸೆ ಅದುರಿತು. ‘‘ಸೀರಿಗಾದ್ರೂ ಹತ್ತು ತಗೋಬೇಕು ಅಂತ ವರ್ಷವೆಲ್ಲಾ ಒದ್ದಾಡಿ ಜೋಡ್ಸಿದೀನಿ. ಬಂದ್ರೆ, ನನ್ ಜಾಗದಲ್ಲಿ ಸೀರೆ ಮಾರೋನು ಕೂತವ್ನೆ.’’

ನನ್ನ ಬಾಯಿಗೆ ಸೂತ್ರವೂ ಬರಲಿಲ್ಲ, ಗ್ರಾಂಥಿಕವೂ ಬರಲಿಲ್ಲ. ‘‘ಹೆದ್ರಿಬಿಟ್ಟೆ ಮಚ್ಚಾನ್’’ ಎಂದೆ. ‘‘ಬ್ಯಾನರಲ್ಲಿ ಸಿಂಹ ನೋಡಿ ಹೆದ್ರಿಬಿಟ್ಟೆ. ನೀವು ಹೊಡೆಯೋಕೆ ಬರ್ತೀರ ಅಂದ್ಕೊಂಡೆ. ಇಳೀರಿ ಮಚ್ಚಾನ್, ಮಗು ಕಾಯ್ತಾ ಇದೆ.’’

ಮಲೈಚಾಮಿ ಮೊದಲ ಬಾರಿಗೆ ನನ್ನ ಕಡೆ ತಿರುಗಿದ. ‘‘ನನ್ ನೋಡಿ ಹೆದ್ರಿದ್ರಾ?’’

‘‘ಎರಡು ದಿನ ನಿದ್ದೆ ಮಾಡಿಲ್ಲ.’’

‘‘ನಿಜವಾಗ್ಲೂ?’’ ಅವನ ಮುಖದಲ್ಲಿ ನಿಧಾನವಾಗಿ ಬೆಳಕು ಮೂಡಿತು. ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ‘‘ಬ್ಯಾನರ್ ಮಾಡ್ದೋನಿಗೆ ಹೇಳ್ಬೇಕು!’’ ಎಂದು ಬಾಗಿಲು ತೆರೆದ. ಆದರೆ ಒಂದು ಷರತ್ತು ಹಾಕಿದ. ಮೆರವಣಿಗೆ ಮೊದಲಿನಿಂದ ಆಗಬೇಕು, ಬಾಳೆಗೊನೆ ನಾನು ಹೊರಬೇಕು.

ಹೊತ್ತೆ! ತಿರುವಿನಿಂದ ಗುಡಿಯವರೆಗೆ, ತಮಟೆಯ ಮುಂದೆ, ನನ್ನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಂತೆ ಹೊತ್ತೆ. ಪಾಂಡಿಯಣ್ಣ ತಾಳಕ್ಕೆ ಸೀಟಿ ಊದಿದ. ಗಣೇಶನ್‌ನ ತಲೆಯ ರುಮಾಲು ಬಿಚ್ಚಿ ನನ್ನ ತಲೆಗೆ ಸಿಂಬಿಯಾಗಿ ಕಟ್ಟಿದರು. ಇನಿಯಾ ಮಾಮನ ತೊಡೆಯ ಮೇಲೆ ಕೂತು ಕಿವಿ ಚುಚ್ಚಿಸಿಕೊಂಡಳು. ಅವಳು ಒಂದು ಸಲ ಅತ್ತಳು, ಮಲೈಚಾಮಿ ಎರಡು ಸಲ ಅತ್ತ.

‘‘ಈಗ ಹೇಳಿ ಮಾಪಿಳ್ಳೆ, ಸೀರಿಗೆ ಎಷ್ಟು?’’ ಎಂದ ಕಣ್ಣೊರೆಸಿಕೊಂಡು. ನಾಲಿಗೆಯ ತುದಿಗೆ ಆರು ಬಂದು ನಿಂತಿತ್ತು, ಹಾಳು ಅಭ್ಯಾಸ! ನುಂಗಿಕೊಂಡು, ‘‘ಹತ್ತು ಮಚ್ಚಾನ್, ಹತ್ತಕ್ಕೆ ಹತ್ತು!’’ ಎಂದೆ.

ಸಂಜೆ ಮನೆಗೆ ಬರುವಾಗ ನಾಲ್ಕು ರಸ್ತೆಯಲ್ಲಿ ಟೀ ಅಂಗಡಿ ಮುಚ್ಚಿತ್ತು. ಟಾರ್ಪಾಲು ಸುತ್ತಿಟ್ಟಿದ್ದರು. ಬ್ಯಾನರಿನ ಕೆಳಭಾಗ ಈಗ ನಿಚ್ಚಳವಾಗಿ ಕಾಣುತ್ತಿತ್ತು. ನಗುತ್ತಿರುವ ಇನಿಯಾಳ ದೊಡ್ಡ ಫೋಟೋ. ‘ನಮ್ಮ ಚಿನ್ನದ ಕಿವಿಗೆ ಮಾಮನ ಸೀರು!’ ಅದರ ಪಕ್ಕದಲ್ಲಿ, ನನ್ನದೇ ಮದುವೆಯ ಕೋಟಿನ ಫೋಟೋ, ಸುತ್ತ ಹೂವಿನ ಚೌಕಟ್ಟು. ‘ನಮ್ಮ ಮನೆಯ ಹೆಮ್ಮೆ, ವಾತ್ಯಾರ್ ಮಾಪಿಳ್ಳೆ.’

ನಾನು ಬ್ಯಾನರಿನ ಹತ್ತಿರಕ್ಕೆ ಹೋದೆ. ಕೊನೆಯ ಸಾಲಿನವರೆಗೂ ಓದಿದೆ. ಅಚ್ಚು ಹಾಕಿದ ಅಂಗಡಿಯ ಫೋನ್ ನಂಬರನ್ನೂ ಬಿಡಲಿಲ್ಲ.

ಪಕ್ಕದಲ್ಲಿ ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡು ಜಯಂತಿ ನಿಂತಿದ್ದಳು. ‘‘ನನಗೆಷ್ಟು?’’ ಎಂದು ಮೆಲ್ಲಗೆ ಕೇಳಿದೆ.

ಅವಳು ಬ್ಯಾನರ್ ನೋಡಿದಳು, ನನ್ನನ್ನು ನೋಡಿದಳು, ನನ್ನ ತಲೆಯ ಮೇಲೆ ಇನ್ನೂ ಕೂತಿದ್ದ ಸಿಂಬಿಯನ್ನು ನೋಡಿದಳು.

‘‘ಹತ್ತಕ್ಕೆ ಆರು’’ ಎಂದು ಮುಂದೆ ನಡೆದಳು.

ಆರು ನನ್ನ ಲೆಕ್ಕದಲ್ಲಿ ಅತ್ಯುನ್ನತ ಅಂಕ. ಅವಳು ಯಾರ ಲೆಕ್ಕದಲ್ಲಿ ಕೊಟ್ಟಳೆಂದು ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.