ಮಾಮಾನ ಫಾಂಟು, ಅತ್ತೆಯ ಸಹಿ

ಆಸ್ತಿಯ ಸಲುವಾಗಿ ನಂಟರನ್ನು ಕಳೆದುಕೊಂಡವರನ್ನು ನೀವು ಬೇಕಾದಷ್ಟು ನೋಡಿರಬಹುದು. ಫಾಂಟಿನ ಸಲುವಾಗಿ ಕಳೆದುಕೊಂಡವರನ್ನು ನೋಡಬೇಕೆಂದರೆ ಮಾತ್ರ ಗಜೇಂದ್ರಗಡಕ್ಕೆ ಬಂದು ನಮ್ಮ ಸೋದರಮಾವನ ಅಂಗಡಿಯ ಬಾಗಿಲಲ್ಲಿ ನಿಲ್ಲಬೇಕು. ಯಾರಾದರೂ ಲಗ್ನಪತ್ರಿಕೆ ಕೊಟ್ಟರೆ ನಮ್ಮ ಮಾಮಾ ಹುಡುಗಿ ಯಾರು, ಹುಡುಗ ಏನು ಮಾಡುತ್ತಾನೆ ಎಂದು ಕೇಳುವುದಿಲ್ಲ. ಪತ್ರಿಕೆಯನ್ನು ಬೆಳಕಿಗೆ ಹಿಡಿದು, "ಇದನ್ನ ಯಾವ ಪ್ರೆಸ್ಸಿನ್ಯಾಗ ಮಾಡಿಸೀರಿ?" ಎನ್ನುತ್ತಾರೆ. ರೋಣದಲ್ಲಿ ನಮ್ಮ ದೊಡ್ಡವ್ವನ ಮಗಳ ಮದುವೆ. ಅಕ್ಷತೆಯ ಹೊತ್ತಿಗೆ ಮಾಮಾ ಮಾಯ. ಹುಡುಕಿಕೊಂಡು ಹೋದರೆ, ಪತ್ರಿಕೆ ಅಚ್ಚಾದ ಪ್ರೆಸ್ಸಿನಲ್ಲಿ ಕುಳಿತು ಸಿಡಿಗೆ ಫಾಂಟು ಇಳಿಸಿಕೊಳ್ಳುತ್ತಿದ್ದರು. ದೊಡ್ಡವ್ವ ಸಿಟ್ಟಿಗೆದ್ದಾಗ ಅವರು ಕೊಟ್ಟ ಉತ್ತರ ಇದು: "ಅಕ್ಕಿಕಾಳು ಹಾಕಾಕ ಮಂಟಪದ ತುಂಬ ಮಂದಿ ಇದ್ರು. ಈ ಅಕ್ಷರ ನೋಡಾಕ ನಾ ಒಬ್ಬಾಂವ ಇದ್ದೆ."

ನನಗೆ ಡೈರಿ ಬರೆಯುವ ಚಟ. ಆ ವರ್ಷದ ಡೈರಿಯಲ್ಲಿ ಇಂಥದೊಂದು ಲೆಕ್ಕವಿದೆ: ಮಾಮಾ ಹೋದ ಮದುವೆ ಒಂಬತ್ತು, ಉಂಡು ಬಂದದ್ದು ಎರಡು, ಫಾಂಟು ತಂದದ್ದು ಏಳು.

ಇಷ್ಟೆಲ್ಲ ಯಾಕೆಂದರೆ, ರಬ್ಬರ್ ಸ್ಟ್ಯಾಂಪು, ನಾಮಫಲಕ ಮಾಡುತ್ತಿದ್ದ ಅಂಗಡಿಗೆ ಅವರು ಹುಬ್ಬಳ್ಳಿಯಿಂದ ಒಂದು ಹಳೆಯ ಲೇಸರ್ ಯಂತ್ರ ತಂದಿದ್ದರು. ನೋಡಲು ಗಾಜಿನ ಮುಚ್ಚಳದ ಟ್ರಂಕಿನ ಹಾಗಿತ್ತು. ಕಂಪ್ಯೂಟರಿನಲ್ಲಿ ಯಾವ ಅಕ್ಷರ ಬರೆದರೂ ಪ್ಲೈವುಡ್ಡಿನಲ್ಲೋ ಅಕ್ರಿಲಿಕ್ ಹಾಳೆಯಲ್ಲೋ ಕೊರೆದು ಕೊಡುತ್ತಿತ್ತು. ಪೇಟೆಗೆಲ್ಲ ಸುಟ್ಟ ಕಟ್ಟಿಗೆಯ ವಾಸನೆ. ಮಾಮಾನಿಗೆ ಅದು ಅತ್ತರು.

ಫಾಂಟು ಹಾಕಿಕೊಳ್ಳುವುದೇನು ಮಹಾ ಕೆಲಸ? ಫಾಂಟುಗಳ ಫೋಲ್ಡರಿನಲ್ಲಿ ತಂದು ಸುರಿದರೆ ಮುಗಿಯಿತು. ಮಾಮಾ ಸುರಿದರು, ಸುರಿದರು, ಕಂಪ್ಯೂಟರಿಗೆ ಉಬ್ಬಸ ಬರುವಷ್ಟು ಸುರಿದರು. ಬೆಳಿಗ್ಗೆ ಅದರ ಗುಂಡಿ ಒತ್ತಿ, ಬಸ್‌ಸ್ಟ್ಯಾಂಡಿನ ಹತ್ತಿರ ಗಿರ್ಮಿಟ್ ತಿಂದು ಚಹಾ ಕುಡಿದು ಬಂದರೂ ಅದು ಇನ್ನೂ ಕಣ್ಣು ತೆರೆಯುತ್ತಲೇ ಇರುತ್ತಿತ್ತು.

"ಬ್ಯಾಡಾದ್ದು ತಗೀರಿ ಮಾಮಾ," ಎಂದೆ.

"ನಿಮ್ಮ ಮನ್ಯಾಗ ಬ್ಯಾಡಾದ ಮಂದಿ ಎಷ್ಟದಾರ? ತಗದೀರೇನು?"

ಆಗಿನ ಕನ್ನಡ ಫಾಂಟುಗಳದೋ, ಒಂದೊಂದರದೂ ಒಂದೊಂದು ಸಂಸಾರ. ಒಂದರಲ್ಲಿ ಬರೆದದ್ದನ್ನು ಇನ್ನೊಂದಕ್ಕೆ ಬದಲಿಸಿದರೆ ಶಬ್ದವೆಲ್ಲ ಕಲಸುಮೇಲೋಗರ. ರಾಜೂರಿನ ಒಬ್ಬರು ಹೊಸ ಮನೆಗೆ ‘ಅವ್ವನ ಆಶೀರ್ವಾದ’ ಎಂದು ಕೊರೆಸಲು ಬಂದಿದ್ದರು. ಕೊನೆಯ ಗಳಿಗೆಯಲ್ಲಿ ಮಾಮಾನಿಗೆ ಅಕ್ಷರ ಸೊರಗಿದಂತೆ ಕಂಡು ಫಾಂಟು ಬದಲಿಸಿದರು. ಓದಿ ನೋಡದೆ ಕೊರೆದೂ ಬಿಟ್ಟರು. ಫಲಕ ತಿರುಗಿಸಿ ಮುರುಗಿಸಿ ನೋಡಿದ ಗಿರಾಕಿ, "ಏನ್ ಬರದೀರಿ ಇದು?" ಎಂದರು.

"ಓದಬ್ಯಾಡ್ರಿ," ಎಂದರು ಮಾಮಾ. "ಸುಮ್ನ ನೋಡ್ರಿ. ಎಷ್ಟ ಚಂದ ಅದ."

ಲೇಸರ್ ಕೆಲಸದಲ್ಲಿ ಇನ್ನೊಂದು ಪೇಚು ಇತ್ತು. ಹಾಳೆಯಲ್ಲಿ ‘ವ’ ಕೊರೆದರೆ ಅದರ ಹೊಟ್ಟೆಯೊಳಗಿನ ತುಂಡು ಕಳಚಿ ಕೆಳಗೆ ಬೀಳುತ್ತದೆ. ಸೊನ್ನೆ ಕೊರೆದರೆ ಬರೀ ತೂತು ಉಳಿಯುತ್ತದೆ. ಒಳಗಿನ ತುಂಡು ನಿಲ್ಲಬೇಕಾದರೆ ಅದನ್ನು ಹೊರಗಿನ ಹಾಳೆಗೆ ಹಿಡಿದಿಡುವ ಸಣ್ಣ ಸಣ್ಣ ಕೊಂಡಿಗಳು ಅಕ್ಷರದ ನಡುವೆಯೇ ಇರಬೇಕು. ಅಂಥ ಕನ್ನಡ ಫಾಂಟು ನಮ್ಮ ಸೀಮೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಇಲ್ಲದ್ದೇ ಮಾಮಾನಿಗೆ ಬೇಕಾಗುವುದು ಎಂದು ಬೇರೆ ಹೇಳಬೇಕೆ? ಆದರೆ ಈ ಸಲ ಅದು ಬೇಕಾದದ್ದು ನಮ್ಮ ಅತ್ತೆಗೆ.

ಅತ್ತೆಯ ಹೆಸರು ಗಂಗವ್ವ. ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ಓಣಿಯ ಹೆಂಗಸರೆಲ್ಲ ಸೇರಿ ಸ್ವಸಹಾಯ ಸಂಘ ಕಟ್ಟಿ ಅವರನ್ನೇ ಅಧ್ಯಕ್ಷೆಯಾಗಿ ಆರಿಸಿದ್ದರು. ಸೋಮವಾರ ಎಲ್ಲರೂ ಬ್ಯಾಂಕಿಗೆ ಹೋಗಿ ಖಾತೆ ತೆರೆಯಬೇಕು, ಅಧ್ಯಕ್ಷೆ ಕಾಗದಕ್ಕೆ ಸಹಿ ಹಾಕಬೇಕು. ಆಗ ಎದುರು ಮನೆಯಾಕೆ ನಗುತ್ತ, "ಊರ ಮಂದಿ ಹೆಸರೆಲ್ಲ ಕೊರದ ಕೊಡಾಂವನ ಹೇಂತಿ, ಹೆಬ್ಬಟ್ಟು ಒತ್ತತಾಳ," ಎಂದಳಂತೆ.

ಅತ್ತೆ ಮನೆಗೆ ಬಂದು ಸೆರಗು ಬಿಗಿದು ಕುಳಿತರು. "ಮಂದಿ ಮುಂದ ಹೆಬ್ಬಟ್ಟು ಒತ್ತಾಂಗಿಲ್ಲ ನಾ. ಸೋಮವಾರದೊಳಗ ಸಹಿ ಬರಲಿಲ್ಲಂದ್ರ ಅಧ್ಯಕ್ಷಕಿ ಆಗೂದ ಬ್ಯಾಡ ನನಗ."

ನಾನು ಪಾಟಿ ಬಳಪ ತಂದು ಕೈ ಹಿಡಿದು ತಿದ್ದಿಸಲು ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ಅತ್ತೆ ಕೈ ಕೊಸರಿಕೊಂಡರು. "ಏ ತಮ್ಮಾ, ನೀ ಹಿಡದ್ರ ನಿನ್ನ ಅಕ್ಷರ ಬರ್ತಾವು. ಬಿಟ್ರ ಹುಳ ಹರದಾಡ್ತಾವು."

ಇದನ್ನು ನೋಡುತ್ತಿದ್ದ ಮಾಮಾ, "ಯಾರೂ ಕೈ ಹಿಡಿಯೂದು ಬ್ಯಾಡ. ಹೆಸರು ಕೊರದು ಅಚ್ಚು ಮಾಡಿ ಕೊಡ್ತೇನಿ. ಸಂದಿನ್ಯಾಗ ಪೆನ್ನು ಇಟ್ಟು ಓಡಿಸಿದ್ರ ತಾನ ಕೈಗೆ ಹತ್ತತದ," ಎಂದರು.

ಉಪಾಯವೇನೋ ಒಳ್ಳೆಯದೇ. ಆದರೆ ಯಾವ ಫಾಂಟು? ಎರಡು ದಿನ ಅದರಲ್ಲೇ ಹೋಯಿತು. ‘ಗಂಗವ್ವ’ ಎಂದು ಒಂದೊಂದರಲ್ಲಿ ಬರೆದು, "ಇದು ಪೊಲೀಸ್ ಠಾಣಾದ ಬೋರ್ಡ್ ಆತು. ಇದು ನಾಟಕ ಕಂಪನಿ. ಇದು ಭಾಳ ಬಾಗೇದ, ಆಕಿ ಯಾವಾಗರ ಬಾಗ್ಯಾಳೇನು?" ಎಂದು ಅಳಿಸುತ್ತಿದ್ದರು.

ಅಂಗಡಿಗೆ ಬುತ್ತಿ ತಂದ ಅತ್ತೆ, "ಯಾವುದರೆ ಒಂದು ಕೊರೀರಿ. ನಾ ಬ್ಯಾಂಕಿಗೆ ಹೋಗಾಕಿ, ಹಸಿಮಣಿ ಮ್ಯಾಲ ಕೂಡ್ರಾಕಲ್ಲ," ಎಂದರು.

ಕಡೆಗೆ ನರಗುಂದದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರ ಬಳಿ ಕೊಂಡಿ ಇರುವ ಫಾಂಟು ಇದೆಯೆಂದು ಸುಳಿವು ಸಿಕ್ಕಿತು. ಗುರುವಾರ ನಾನೂ ಮಾಮಾನೂ ಬಸ್ ಹತ್ತಿದೆವು. ಸಾಹೇಬರೇ ತಿಂಗಳುಗಟ್ಟಲೆ ಕುಳಿತು ಒಂದೊಂದೇ ಅಕ್ಷರ ಬರೆದು ಮಾಡಿದ ಫಾಂಟು ಅದು.

"ಇದನ್ನ ನಾ ಯಾರಿಗೂ ಕೊಡಾಂಗಿಲ್ರಿ," ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ.

"ಧಂದೆಕ್ಕಲ್ಲ ಸಾಹೇಬ್ರ, ಮನೀಗೆ ಬೇಕಾಗೇದ."

"ಎಲ್ಲಾರೂ ಹಂಗ ಅಂತಾರ. ಮರುದಿನ ನೋಡಿದ್ರ ಗದಗ ತನಕಾ ಹೋಗಿರತೈತಿ."

"ಖರೇನ ಮನೀಗೆರಿ. ನನ್ನ ಹೇಂತಿ ಸಹಿ ಕಲೀಬೇಕು. ಸೋಮವಾರದೊಳಗ."

ಸಾಹೇಬರು ತಿರುಗಿ ಮಾಮಾನ ಮುಖ ನೋಡಿದರು. "ಅದನ್ನ ಮೊದಲ ಹೇಳಬೇಕಿಲ್ಲೇನ್ರಿ," ಎಂದು ಪೆನ್‌ಡ್ರೈವಿಗೆ ಕೈ ಚಾಚಿದರು. ಚಹಾ ಕುಡಿಸದೆ ಬಿಡಲಿಲ್ಲ.

ಅಂದೇ ಅಚ್ಚು ತಯಾರಾಯಿತು. ಯಾವ ಅಕ್ಷರದ ಹೊಟ್ಟೆಯೂ ಕಳಚಲಿಲ್ಲ. ಅತ್ತೆ ರೊಟ್ಟಿ ಬಡಿದು ಕೈ ತೊಳೆದರೆ ಪೆನ್ನು, ಮುಸುರೆ ತಿಕ್ಕಿ ಕೈ ತೊಳೆದರೆ ಪೆನ್ನು. ಹಳೆಯ ಪತ್ರಿಕೆಗಳ ಅಂಚೆಲ್ಲ ಗಂಗವ್ವ. ರವಿವಾರ ಸಂಜೆ ಅಚ್ಚನ್ನು ದೂರವಿಟ್ಟು ತಾವೇ ಬರೆದರು. ಮಾಮಾ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ನೋಡಿ, "ಭಾಳ ಚಲೋ ಕೂತದ," ಎಂದರು. ನನಗೂ ಹಾಗೆಯೇ ಕಂಡಿತು.

ಸೋಮವಾರ ಬ್ಯಾಂಕಿನಲ್ಲಿ ಓಣಿಯ ಹೆಂಗಸರೆಲ್ಲ ಗುಂಪಾಗಿ ನಿಂತಿದ್ದರು. ಎದುರು ಮನೆಯಾಕೆ ಎಲ್ಲರಿಗಿಂತ ಮುಂದೆ. ನಾನೂ ಮಾಮಾನೂ ಅತ್ತೆಯ ಪಕ್ಕದಲ್ಲಿ. ಅತ್ತೆ ಸಹಿ ಮಾಡಿದರು. ಗುಮಾಸ್ತರು ಕನ್ನಡಕ ಏರಿಸಿ, "ಇದೇನ್ರಿ ಅವ್ವಾರ, ಅಲ್ಲಲ್ಲಿ ಹರದದಲ್ಲ? ಕೂಡಿಸಿ ಬರೀರಿ," ಎಂದು ಇನ್ನೊಂದು ಕಡೆ ಬೆರಳಿಟ್ಟರು.

ಅತ್ತೆ ಮತ್ತೆ ಬರೆದರು. ಮತ್ತೆ ಅದೇ. ಸೊನ್ನೆ ಎರಡು ಹೋಳು, ‘ವ’ದ ಹೊಟ್ಟೆಗೆ ಎರಡು ಸೀಳು. ಅಚ್ಚಿನಲ್ಲಿ ಕೊಂಡಿ ಅಡ್ಡ ಬಂದಲ್ಲೆಲ್ಲ ಪೆನ್ನು ಎತ್ತಿ ದಾಟಿಸುತ್ತಿದ್ದರಲ್ಲ, ಆ ಎತ್ತುವುದನ್ನೂ ಅಕ್ಷರದ ಜೊತೆಗೇ ಕಲಿತುಬಿಟ್ಟಿದ್ದರು.

ಮಾಮಾನ ಮುಖ ಸಣ್ಣದಾಯಿತು. "ಅವು ಬರೇ ಕೊಂಡಿ ಇದ್ವು ಅಷ್ಟ. ಅಲ್ಲಿ ಆಮ್ಯಾಲೆ ಕೂಡಿಸಬೇಕಂತ ಹೇಳೂದ ಮರತೆ ನೋಡು," ಎಂದು ಪಿಸುಗುಟ್ಟಿದರು.

"ಇರ್ಲಿ ಬಿಡ್ರಿ," ಎಂದರು ಅತ್ತೆ. "ಅಲ್ಲಿ ನಾ ಉಸಿರು ಬಿಡ್ತೇನಿ."

ಗುಮಾಸ್ತರು ಎರಡೂ ಸಹಿಗಳನ್ನು ಹೋಲಿಸಿ ನೋಡಿದರು. ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. "ನಡೀತದ ತಗೋರಿ. ಇಂಥಾ ಸಹಿ ಯಾವ ಕಳ್ಳಗೂ ಮಾಡಾಕ ಬರಾಂಗಿಲ್ಲ," ಎಂದು ಕಾಗದ ಎಳೆದುಕೊಂಡು, "ಗಂಡನ ಹೆಸರು?" ಎಂದರು.

ನಮ್ಮ ಕಡೆ ಆ ವಯಸ್ಸಿನವರು ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ. ಅತ್ತೆ ಮಾಮಾನ ಕಡೆ ನೋಡಿದರು. ಮಾಮಾ ತಮ್ಮ ಹೆಸರು ತಾವೇ ಹೇಳಿದರು. ಗುಮಾಸ್ತರು ಬರೆದುಕೊಂಡರು.

ಹಿಂದಿರುಗುವಾಗ ಪೇಟೆಯ ತಿರುವಿನಲ್ಲಿ ಅತ್ತೆ ನಿಂತರು. "ಇನ್ನೊಂದು ಅಚ್ಚು ಕೊರದು ಕೊಡ್ರಿ."

"ಏನಂತ ಕೊರೀಲಿ?"

"ಬಾಯಿಲೆ ಹೇಳಾಂಗಿಲ್ಲ ಅಂತ ಗೊತ್ತದ ಅಲ್ರಿ," ಎಂದರು ಅತ್ತೆ, ಬೇರೆ ಕಡೆ ನೋಡುತ್ತ. "ಕೈಲೆ ಬರದ್ರ ಏನಾಗಾಂಗಿಲ್ಲಲ್ಲ."

ಮಾಮಾ ಊಟಕ್ಕೂ ಬಾರದೆ ನೇರ ಅಂಗಡಿಗೆ ಹೋದರು. ಇನ್ನು ಒಂದು ವಾರ ಫಾಂಟಿನ ಪರದಾಟ ಎಂದುಕೊಂಡು ಸ್ವಲ್ಪ ಹೊತ್ತಿಗೆ ನಾನು ಹೋಗಿ ನೋಡಿದರೆ, ಯಂತ್ರ ಆಗಲೇ ಕೆಲಸ ಮುಗಿಸಿ ತಣ್ಣಗಾಗುತ್ತಿತ್ತು. ಮಾಮಾನ ಕೈಯಲ್ಲಿ ಅವರದೇ ಹೆಸರಿನ ಅಚ್ಚು.

"ಯಾವ ಫಾಂಟು ಇದು ಮಾಮಾ?" ಎಂದೆ.

"ನೋಡಲಿಲ್ಲೋ," ಎಂದರು, ಅದರ ಅಂಚನ್ನು ಅಂಗಿಯ ತುದಿಯಿಂದ ಒರೆಸುತ್ತ. "ಆಕಿ ಕಾಯಾಕತ್ತಿರತಾಳ."