ಮಾವನ ಅಪ್‌ಡೇಟ್ ಕಾರ್ಣಿಕ

ನಮ್ಮ ಸೋದರಮಾವ ಒಂದು ಮಾತು ಆಡಿದರೆ ಕೂಡ್ಲಿಗಿಯ ಜನ ಮನೆಯ ಬಣ್ಣ ಬದಲಾಯಿಸುತ್ತಾರೆ. ನಂಬುವುದಿಲ್ಲವೇ? ಕಣ್ಣಾರೆ ನೋಡುವವರೆಗೆ ನಾನೂ ನಂಬಿರಲಿಲ್ಲ. ಆತ ಜ್ಯೋತಿಷಿಯಲ್ಲ, ಸ್ವಾಮಿಯಲ್ಲ, ಪುಢಾರಿಯಂತೂ ಅಲ್ಲವೇ ಅಲ್ಲ. ಬಸ್ಸಿನ ನಿವೃತ್ತ ಡ್ರೈವರ್. ಈಗ ಮೊಬೈಲ್ ಗೇಮ್ ಮಾಡುತ್ತಾನೆ!

ನಿವೃತ್ತರಾದವರು ವಾಕಿಂಗ್ ಹೋಗುತ್ತಾರೆ, ಬಿ.ಪಿ. ನೋಡಿಸಿಕೊಳ್ಳುತ್ತಾರೆ, ಸೊಸೆಯ ಅಡುಗೆಗೆ ಹೆಸರಿಡುತ್ತಾರೆ. ಮಾವನಿಗೆ ಸೊಸೆಯೂ ಇಲ್ಲ, ಬಿ.ಪಿ.ಯೂ ಇಲ್ಲ. ಅತ್ತೆ ತೀರಿಕೊಂಡ ಮೇಲೆ ಒಂದು ಹಳೆಯ ಕಂಪ್ಯೂಟರ್ ತಂದಿಟ್ಟುಕೊಂಡು, ವೀಡಿಯೋ ನೋಡಿ ನೋಡಿ ಕಲಿತು, ತಾನು ಓಡಿಸುತ್ತಿದ್ದ ರೂಟನ್ನೇ ಗೇಮ್ ಮಾಡಿಬಿಟ್ಟ. ಕೂಡ್ಲಿಗಿಯಿಂದ ಹೊರಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ ಮೇಲೆ ಹಡಗಲಿಗೆ ಬಸ್ ಮುಟ್ಟಿಸಬೇಕು. ಕುರಿ ಅಡ್ಡ ಬಂದರೆ ಕಾಯಬೇಕು. ಕಂಡಕ್ಟರ್ ಚಿಲ್ಲರೆಗಾಗಿ ಜಗಳ ತೆಗೆದರೆ ಏನೂ ಮಾಡುವಂತಿಲ್ಲ, ಅದು ಮುಗಿಯುವವರೆಗೆ ಕೇಳಬೇಕು. ಗುಂಡು ಹಾರಿಸುವ ಆಟಗಳನ್ನು ಬಿಟ್ಟು ಸುತ್ತಲಿನ ಊರಿನವರೆಲ್ಲ ಇದಕ್ಕೇ ಅಂಟಿಕೊಂಡರು.

ಆಟದಲ್ಲಿ ಕೂಡ್ಲಿಗಿ ದಾಟುವ ಕಡೆ ಒಂದು ಹಳದಿ ಮನೆ ಬರುತ್ತದೆ. ಹಾರ್ನ್ ಹೊಡೆದರೆ ಹಸಿರು ಸೀರೆಯ ಹೆಂಗಸೊಬ್ಬಳು ಬಾಗಿಲಿಗೆ ಬಂದು ಕೈ ಬೀಸುತ್ತಾಳೆ. ಅದು ಮಾವನದೇ ಮನೆ, ಆಕೆ ನಮ್ಮ ಅತ್ತೆ. ಮಾವ ಕೆಲಸದಲ್ಲಿದ್ದಾಗ ದಿನವೂ ನಡೆಯುತ್ತಿದ್ದುದೇ ಅದು. ಬಸ್ ತುಂಬ ಜನ, ನಿಲ್ಲಿಸುವಂತಿಲ್ಲ. ಇವನು ಹಾರ್ನ್ ಹೊಡೆಯುವುದು, ಆಕೆ ಕೈ ಬೀಸುವುದು, ಇಷ್ಟೇ ಅವರ ಸಂಸಾರ ಎಂದು ನಾವು ನಗುತ್ತಿದ್ದೆವು.

ಗ್ಯಾರೇಜಿನ ರಫೀಕ್ ಒಮ್ಮೆ ದೂರು ತಂದ. ‘ಕಾಕಾ, ನಿಮ್ಮ ಗೇಮಿನ್ಯಾಗ ಒಂದು ತಪ್ಪು ಐತ್ರಿ. ನಾ ಹಾರ್ನ್ ಹೊಡಿಯೂದಕ್ಕಿಂತ ಮೊದ್ಲ ಆ ಹೆಣ್ಮಗಳು ಬಾಗ್ಲಿಗೆ ಬಂದಿರ್ತಾಳ.’

ಮಾವ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ. ‘ತಪ್ಪಲ್ಲಪಾ ಅದು. ಆಕಿ ಮೊದ್ಲಿಂದ ಹಂಗ. ಇಂಜಿನ್ ಸದ್ದಿಗೇ ಏಳ್ತಿದ್ಲು.’

ರಫೀಕ್ ನನ್ನ ಮುಖ ನೋಡಿದ, ನಾನು ಗೋಡೆ ನೋಡಿದೆ. ಮಾವ ಅಂಥದ್ದೇನೂ ಬರೆದಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ತನಗೆ ಅಷ್ಟೆಲ್ಲ ಮಾಡಲು ಬರುವುದಿಲ್ಲವೆಂದು ಹಿಂದಿನ ವಾರವಷ್ಟೇ ತಾನೇ ಹೇಳಿದ್ದ.

ಇನ್ನು ಆಟದಲ್ಲಿ ಮುಂದೆ ಏನು ಬರುತ್ತದೆ ಎಂದು ಹೇಳುವ ರೀತಿ. ದೊಡ್ಡ ಕಂಪನಿಯವರು ಪಟ್ಟಿ ಹಾಕುತ್ತಾರೆ, ತುಣುಕು ತೋರಿಸುತ್ತಾರೆ, ತಾರೀಖು ಕೊಡುತ್ತಾರೆ, ಆಮೇಲೆ ತಪ್ಪಿಸಿಕೊಂಡು ಕ್ಷಮೆ ಕೇಳುತ್ತಾರೆ. ನಮ್ಮ ಮಾವ ಮೈಲಾರದ ಪರಂಪರೆಯವನು! ಅಲ್ಲಿನ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಜನರನ್ನು ಸುಮ್ಮನಾಗಿಸಿ, ವರ್ಷದ ಭವಿಷ್ಯವನ್ನು ಒಂದೇ ಮಾತಿನ ಕಾರ್ಣಿಕವಾಗಿ ನುಡಿದರೆ, ಉಳಿದ ವರ್ಷವೆಲ್ಲ ಅದರ ಅರ್ಥ ಬಿಡಿಸುವುದು ಜನರ ಪಾಡು. ಮಾವನೂ ವಾಟ್ಸಾಪ್ ಗುಂಪಿನಲ್ಲಿ ಹಾಗೆಯೇ ಒಂದೇ ಸಾಲು ಹಾಕುತ್ತಾನೆ.

‘ತಾರೀಖು ಹೇಳಬಾರ್ದೇನು ಮಾವ?’ ಎಂದು ಕೇಳಿದ್ದೆ.

‘ಬಸ್ ಸ್ಟ್ಯಾಂಡಿನ್ಯಾಗ ಬರ್ತತಿ ಬರ್ತತಿ ಅಂತ ಕೂಗ್ತಾರ. ಬರ್ಲಿಲ್ಲಂದ್ರ ಬೈಸ್ಕೊಳ್ಳೋನು ಡ್ರೈವರ್ರು. ತಿಳೀದಂಗ ಹೇಳಿದ್ರ, ಬಂದದ್ದನ್ನ ನೋಡಿ ಇದ ಬರಬೇಕಾಗಿತ್ತು ಅಂತಾರ.’

ಮೊದಲ ಸಲ ಬಂದದ್ದು ‘ಸದ್ದಲೇ, ದಾರಿ ಬೆನ್ನೆತ್ತೀತಲೇ ಪರಾಕ್.’ ಗುಂಪಿನಲ್ಲಿ ಗದ್ದಲವೋ ಗದ್ದಲ! ಒಬ್ಬ ಚುನಾವಣೆ ಎಂದ, ಇನ್ನೊಬ್ಬ ಭೂಕಂಪ ಎಂದ. ಅಪ್‌ಡೇಟ್ ಬಂದಾಗ ನೋಡಿದರೆ ಕೊಟ್ಟೂರಿನ ಹತ್ತಿರ ಒಂದು ರೋಡ್ ಹಂಪು! ಎಲ್ಲರೂ ನಕ್ಕರು. ಕೆಲವೇ ದಿನಕ್ಕೆ ನಿಜವಾದ ರಸ್ತೆಯಲ್ಲೂ ಅದೇ ಜಾಗದಲ್ಲಿ ಹಂಪು ಎದ್ದಾಗ ನಗು ಸ್ವಲ್ಪ ಕಡಿಮೆಯಾಯಿತು.

ಎರಡನೆಯದು ‘ಹುಳಿಯ ನೆರಳು ಉರುಳೀತಲೇ ಪರಾಕ್.’ ಆಟದಲ್ಲಿ ದಾರಿಬದಿಯ ಹುಣಸೆಮರ ನೆಲಕ್ಕೊರಗಿತು. ಆಮೇಲೊಂದು ಮಧ್ಯಾಹ್ನ, ಗಾಳಿಯಿಲ್ಲ, ಮಳೆಯಿಲ್ಲ, ಎಲೆಯೂ ಅಲುಗಾಡುತ್ತಿರಲಿಲ್ಲ, ನಿಜವಾದ ಮರವೇ ಬಿತ್ತು. ಆಟದಲ್ಲಿ ಯಾವ ದಿಕ್ಕಿಗೆ ತಲೆ ಹಾಕಿತ್ತೋ ಅದೇ ದಿಕ್ಕಿಗೆ. ‘ಬೇರು ಸತ್ತಿತ್ತು, ದಿನಾ ನೋಡೋನಿಗೆ ಗೊತ್ತಾಗ್ತತಿ’ ಎಂದ ಮಾವ. ದಿಕ್ಕಿನ ಬಗ್ಗೆ ಕೇಳಿದ್ದಕ್ಕೆ ಸುಮ್ಮನೆ ಚಹಾ ಕುಡಿದ. ಅವತ್ತಿನಿಂದ ಗುಂಪಿನಲ್ಲಿ ಯಾರೂ ನಗಲಿಲ್ಲ.

ಹೀಗಿರುವಾಗ ಮೂರನೆಯದು ಬಂತು. ‘ಸದ್ದಲೇ, ಹಳದಿ ಮನಿ ಕದ ಮುಚ್ಚೀತಲೇ ಪರಾಕ್.’

ಕದ ಮುಚ್ಚುವುದು ಎಂದರೇನು? ಆ ಮನೆಯಲ್ಲಿ ದೀಪ ಹಚ್ಚುವವರು ಇರುವುದಿಲ್ಲ ಎಂದು ತಾನೇ? ಕೂಡ್ಲಿಗಿಯಲ್ಲಿ ಹಳದಿ ಬಣ್ಣದ ಮನೆಯವರೆಲ್ಲ ಪೇಂಟರ್‌ಗಳ ಬೆನ್ನು ಬಿದ್ದರು. ಒಬ್ಬರು ಗಿಳಿಹಸಿರು ಬಳಿಸಿದರು, ಇನ್ನೊಬ್ಬರು ಗುಲಾಬಿ. ಹೋದ ತಿಂಗಳಷ್ಟೇ ಗೃಹಪ್ರವೇಶ ಮಾಡಿದ್ದ ಮೇಷ್ಟ್ರೊಬ್ಬರು ನಂಬುವುದಿಲ್ಲ ನಂಬುವುದಿಲ್ಲ ಎನ್ನುತ್ತಲೇ ಮನೆಯ ಮುಂದಿನ ಗೋಡೆಗೆ ಮಾತ್ರ ಸುಣ್ಣ ಹೊಡೆಸಿದರು!

ನಾನು ಹರಪನಹಳ್ಳಿಯಲ್ಲಿ ಕೂತು ಇದನ್ನೆಲ್ಲ ಕೇಳಿ ನಗುತ್ತಿದ್ದೆ. ಆಟದಲ್ಲಿರುವ ಹಳದಿ ಮನೆ ಯಾರದು ಎಂಬುದು ಆಮೇಲೆ ನೆನಪಾಯಿತು. ಅತ್ತೆ ಹೋದ ಮೇಲೆ ಮಾವ ಆ ಮನೆಯ ಮುಂಬಾಗಿಲನ್ನು ಮುಚ್ಚಿದ್ದೇ ಇಲ್ಲ. ಆಡು ಒಳಗೆ ಬಂದರೂ ಓಡಿಸಿ ಬಾಗಿಲು ತೆರೆದೇ ಇಡುತ್ತಿದ್ದ. ಹಾಗಾದರೆ ಯಾರ ಮನೆಯ ಕದ ಮುಚ್ಚುತ್ತದೆ? ನನಗೆ ಹೆದರಿಕೆಯಾಯಿತು, ನಿಜವಾಗಿಯೂ ಹೆದರಿಕೆಯಾಯಿತು.

ಒಂದು ಭಾನುವಾರ ಊಟದ ಹೊತ್ತಿಗೆ ಅಪ್‌ಡೇಟ್ ಬಂತು. ತೆರೆದೆ. ಹಳದಿ ಮನೆಯ ಹತ್ತಿರ ಬಸ್ಸು ನನ್ನ ಕೈ ಮೀರಿ ತಾನಾಗಿಯೇ ನಿಂತಿತು. ಡ್ರೈವರ್ ಸೀಟಿನಿಂದ ಖಾಕಿ ಅಂಗಿಯವನೊಬ್ಬ ಇಳಿದ. ಬಾಗಿಲಲ್ಲಿ ನಿಂತಿದ್ದ ಅತ್ತೆ ಸರಿದು ದಾರಿ ಬಿಟ್ಟಳು. ಆತ ಹೊಸ್ತಿಲ ಹೊರಗೆ, ಅವಳ ಚಪ್ಪಲಿಯ ಪಕ್ಕ ತನ್ನದನ್ನು ಬಿಟ್ಟು ಒಳಗೆ ಹೋದ. ಕದ ಮುಚ್ಚಿತು. ನಾನು ಹಾರ್ನ್ ಹೊಡೆದೆ, ಮತ್ತೆ ಹೊಡೆದೆ. ಯಾರೂ ಬಾಗಿಲಿಗೆ ಬರಲಿಲ್ಲ.

ಮಾವನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಊಟ ಬಿಟ್ಟು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ದೇವರ ಹೆಸರು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಕೂಡ್ಲಿಗಿ ಮುಟ್ಟಿ ನೋಡಿದರೆ ಮುಂಬಾಗಿಲು ಮುಚ್ಚಿತ್ತು.

ಬಡಿದೆ. ಕೂಗಿದೆ. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಕಣ್ಣುಜ್ಜುತ್ತ ಮಾವ ನಿಂತಿದ್ದ.

‘ಯಾಕಲೇ ಹಿಂಗ ಬಡೀತಿ? ಕದ ಹಾಕ್ಕೊಂಡು ಮಲಗಿ ಎಷ್ಟು ದಿನ ಆಗಿತ್ತು.’

ನಾನು ಕಟ್ಟೆಯ ಮೇಲೆ ಕುಸಿದು ಅತ್ತುಬಿಟ್ಟೆ. ಆತ ನೀರು ತಂದುಕೊಟ್ಟು, ಒಳಗೆ ಕರೆದು, ಕದ ಮುಚ್ಚಿ, ಪಕ್ಕ ಕೂತ.

‘ಆಕಿ ಹೋದ ದಿನ ಹಾರ್ನ್ ಹೊಡದೆ, ಬಾಗ್ಲಿಗೆ ಬರ್ಲಿಲ್ಲ. ಬಸ್ ತುಂಬ ಜನ ಇದ್ರು. ನಾ ನಿಲ್ಲಸ್ಲಿಲ್ಲ, ಹಡಗಲಿಗೆ ಹೋಗಿಬಿಟ್ಟೆ. ತಿರುಗಿ ಬರೂದ್ರಾಗ ಮುಗದಿತ್ತು.’ ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡ. ‘ಗೇಮಿನ್ಯಾಗ ಆಕಿನ್ನ ದಿನಾ ಬಾಗ್ಲಾಗ ನಿಂದ್ರಸ್ತಿದ್ದೆ. ಮೊನ್ನೆ ಅನಿಸ್ತು, ಇನ್ನೆಷ್ಟು ನಿಂದ್ರಬೇಕು ಪಾಪ? ಕಾಲು ನೋಯ್ತಾವಲ್ಲ ಆಕೀವು. ಅದಕ್ಕ ಇಳದು ಬಂದೆ.’

ಹೊತ್ತು ಇಳಿಯುತ್ತಿತ್ತು. ಮಾವ ಇದ್ದಕ್ಕಿದ್ದಂತೆ ಬಾಗಿಲ ಕಡೆ ಕತ್ತು ತಿರುಗಿಸಿದ. ಅದಾದ ಮೇಲೆ ರಸ್ತೆಯಲ್ಲಿ ಸಂಜೆಯ ಹಡಗಲಿ ಬಸ್ಸಿನ ಹಾರ್ನ್ ಕೇಳಿಸಿತು.

ನಾನು ಕದ ತೆಗೆಯಲು ಎದ್ದೆ.

‘ಕುಂದ್ರಲೇ,’ ಎಂದ ಮಾವ. ‘ಆಕಿ ಒಳಗ ಅದಾಳ, ನಾನೂ ಒಳಗ ಅದೀನಿ. ಇನ್ಯಾರು ಹೋಗಬೇಕು ಬಾಗ್ಲಿಗೆ?’